ಗಡಿಗಲ್ಲಿನ ಈಚೆ

ಬಾವಿ ತೋಡುವ ಕಸುಬು ಅವನಿಗೆ ಹೆಂಡತಿಯ ಮನೆಯಿಂದ ಬಂದದ್ದು. ಮದುವೆಗೆ ಮುಂಚೆ ಅವನು ಯಾರ್ಯಾರದೋ ಹೊಲದಲ್ಲಿ ಕಲ್ಲು ಹೊರುತ್ತಿದ್ದ. ಮಾವ ತೀರಿಕೊಂಡ ಮೇಲೆ ಮನೆಯ ಕಸುಬು ಮೂವರ ಪಾಲಿಗೆ ಬಂತು. ಹೆಂಡತಿಯ ಅಣ್ಣ, ಅಂದರೆ ಇವನ ಭಾವ, ಎಲ್ಲಿ ಅಗೆದರೆ ನೀರು ಸಿಕ್ಕೀತು ಎಂದು ನೆಲ ನೋಡಿ ಗುರುತು ಹಾಕುವವನು. ಹೆಂಡತಿಯ ತಮ್ಮ, ಅಂದರೆ ಇವನ ಭಾಮೈದ, ಸಪೂರ ಮೈಯವನು. ಅವನು ಗುಂಡಿಗಿಳಿದು ಅಗೆಯುವವನು. ಇವನಿಗೆ, ಊರವರ ಬಾಯಲ್ಲಿ ಬಾವಿಯವನಿಗೆ, ತೋಳಿನಲ್ಲಿ ಬಲವಿತ್ತು. ಅವನು ಮೇಲೆ ನಿಂತು ಮಣ್ಣು ಕಲ್ಲು ತುಂಬಿದ ಬುಟ್ಟಿಯನ್ನು ಎಳೆಯುವವನು. ಐದು ವರ್ಷ ಹೀಗೇ ನಡೆಯಿತು. ಭಾಮೈದ ಗುಂಡಿಯೊಳಗಿಂದ ಹಾಡು ಕಟ್ಟಿ ಹೇಳುತ್ತಿದ್ದ, ಹೆಚ್ಚಾಗಿ ಇವನ ಹೊಟ್ಟೆಯ ಗಾತ್ರದ ಮೇಲೆ. ಇವನು ಮೇಲಿನಿಂದ ಒಂದು ಹಿಡಿ ಮಣ್ಣು ಉದುರಿಸಿ ಉತ್ತರ ಕೊಡುತ್ತಿದ್ದ.

ಆ ದಿನ ಬೆಳಿಗ್ಗೆ ಹಗ್ಗದ ಸುರುಳಿ ಬಿಚ್ಚುವಾಗ ಅವನ ಬೆರಳಿಗೆ ಏನೋ ತಗುಲಿತು. ಮೂರೆಳೆಯ ಹಗ್ಗದಲ್ಲಿ ಒಂದು ಎಳೆ ಸವೆದು ಜುಂಗು ಎದ್ದಿತ್ತು. ಹೊಸ ಹಗ್ಗ ಮನೆಯಲ್ಲಿತ್ತು. ಹೋಗಿ ತರಬೇಕೆಂದರೆ ಬಿಸಿಲೇರುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸಂಜೆಯವರೆಗೆ ತಡೆದೀತು ಎಂದುಕೊಂಡ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದೂ ಅನ್ನಿಸಲಿಲ್ಲ.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಕಲ್ಲು ತುಂಬಿದ ಬುಟ್ಟಿ ಗುಂಡಿಯ ಬಾಯಿಯ ಹತ್ತಿರಕ್ಕೆ ಬಂದಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಗ ಹಗ್ಗ ಹರಿಯಿತು. ಅವನು ಹಿಂದಕ್ಕೆ ಬಿದ್ದ. ಏಳುವಷ್ಟರಲ್ಲಿ ಹಾಡು ನಿಂತಿತ್ತು.

ಹೊಲದ ಆಳುಗಳು ಓಡಿಬಂದರು. ಇಬ್ಬರು ಬೇರೆ ಹಗ್ಗ ಕಟ್ಟಿಕೊಂಡು ಕೆಳಗಿಳಿದರು. ಇಳಿದವರು ಏನೂ ಕೂಗಿ ಹೇಳಲಿಲ್ಲ; ಅದರಲ್ಲೇ ಎಲ್ಲ ತಿಳಿಯಿತು. ಹೊಲ ಕಾಯುವ ಮುದುಕ ಬಾವಿಯವನ ಭುಜ ಹಿಡಿದು ಅಲುಗಾಡಿಸಿದ.

"ಓಡು," ಎಂದ. "ನಿನ್ನ ಭಾವನಿಗೆ ಸುದ್ದಿ ಮುಟ್ಟೋದ್ರೊಳಗೆ ಓಡು."

"ಎಲ್ಲಿಗೆ? ಅವನನ್ನ ಮೇಲಕ್ಕೆ ತರಬೇಕಲ್ಲ."

"ಅವನನ್ನ ನಾವು ತರ್ತೀವಿ. ನಿನ್ನನ್ನೂ ಹೊರೋ ಹಾಗೆ ಮಾಡಬೇಡ. ಓಡು ಅಂದ್ನಲ್ಲ!"

ಆ ನಾಡಿನ ಧರ್ಮಶಾಸ್ತ್ರ ಹೀಗಿತ್ತು. ಒಬ್ಬನ ರಕ್ತ ಚೆಲ್ಲಿದರೆ ಅವನ ಹತ್ತಿರದ ನೆಂಟ ಚೆಲ್ಲಿದವನ ಪ್ರಾಣ ತೆಗೆಯಬಹುದು. ಆದರೆ ದ್ವೇಷವಿಲ್ಲದೆ, ಕೈತಪ್ಪಿ ಕೊಂದವನಿಗೆಂದು ಆರು ಊರುಗಳನ್ನು ಬೇರೆ ಮಾಡಿ ಇಟ್ಟಿದ್ದರು. ಅವಕ್ಕೆ ಆಶ್ರಯದ ಊರು ಎಂದು ಹೆಸರು. ಅಲ್ಲಿಗೆ ಹೋಗುವ ದಾರಿಗಳನ್ನು ಅಗಲವಾಗಿ, ಗುಂಡಿಯಿಲ್ಲದಂತೆ ಇಟ್ಟಿರುತ್ತಿದ್ದರು. ಕವಲು ಸಿಕ್ಕಲ್ಲೆಲ್ಲ 'ಆಶ್ರಯ' ಎಂದು ಬರೆದ ಕಂಬ. ಓಡುವವನು ನಿಂತು ಯೋಚಿಸಬಾರದು ಎಂದು. ಬಾವಿಯವನು ಆ ಕಂಬಗಳನ್ನು ಎಷ್ಟೋ ಸಲ ನೋಡಿದ್ದ. ತನಗಾಗಿ ನೆಟ್ಟದ್ದು ಎಂದು ಆವತ್ತು ಗೊತ್ತಾಯಿತು. ಮೈಮೇಲಿನ ಮಣ್ಣು ಬೆವರಿನಲ್ಲಿ ಕೆಸರಾಗಿ ಇಳಿಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಅವನು ಆ ಊರಿನ ಬಾಗಿಲು ತಲುಪಿ, ಅಲ್ಲಿ ಕೂತಿದ್ದ ಹಿರಿಯರ ಕಾಲ ಬಳಿ ಬಿದ್ದ.

ಹತ್ತು ದಿನದ ನಂತರ ಕಾವಲಿನಲ್ಲಿ ಅವನನ್ನು ಸ್ವಂತ ಊರಿಗೆ ಕರೆದೊಯ್ದು ವಿಚಾರಣೆ ಮಾಡಿದರು. ಊರ ಹಿರಿಯರು ಸಾಲಾಗಿ ಕೂತಿದ್ದರು. ಎದುರಿಗೆ ಭಾವ, ಪಕ್ಕದಲ್ಲಿ ಅತ್ತೆ. ಅತ್ತೆಯ ಕಣ್ಣಲ್ಲಿ ನೀರಿರಲಿಲ್ಲ. ಅವನ ಮುಖದ ಮೇಲೆ ನೆಟ್ಟ ನೋಟ ಒಂದು ಸಲವೂ ಕದಲಲಿಲ್ಲ.

"ಇವರಿಬ್ಬರ ನಡುವೆ ಹಿಂದೆ ಏನಾದ್ರೂ ದ್ವೇಷ ಇತ್ತಾ?" ಎಂದು ಹಿರಿಯರು ಕೇಳಿದರು. ಆಗ ಅವನ ಹೆಂಡತಿ ಎದ್ದು ನಿಂತಳು, ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು.

"ಸತ್ತವನು ನನ್ನ ತಮ್ಮ, ಇವರು ನನ್ನ ಗಂಡ," ಎಂದಳು. "ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ತಿದ್ರು. ದ್ವೇಷ ಇರಲಿಲ್ಲ. ಇವರದ್ದೇನೂ ತಪ್ಪಿಲ್ಲ ಅಂತ ದೇವರ ಹೆಸರಲ್ಲಿ ಆಣೆ ಇಟ್ಟು ಹೇಳ್ತೀನಿ."

ಅಮ್ಮನ ಎದುರಿಗೆ, ಅಣ್ಣನ ಎದುರಿಗೆ ನಿಂತು ಹೇಳಿದ ಮಾತು ಅದು. ಅದನ್ನು ಹೇಳಿದ ಮೇಲೆ ಆ ಮನೆಯಲ್ಲಿ ಅವಳ ಬದುಕು ಹೇಗಿರುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿರಿಯರು ಬಾವಿಯವನ ಕಡೆ ತಿರುಗಿದರು.

"ಹಗ್ಗ ನೋಡಿ ಕೆಲಸಕ್ಕೆ ಇಳಿದಿದ್ದೆಯಾ?"

"ನೋಡಿದ್ದೆ," ಎಂದ ಬಾವಿಯವನು.

ಸುಳ್ಳಲ್ಲ. ನೋಡಿದ್ದ. ಏನು ಕಂಡಿತು ಎಂದು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ.

ತೀರ್ಪು ಹೊರಬಿತ್ತು. ಅವನು ಕೊಲೆಗಾರನಲ್ಲ. ಆದರೆ ಆಶ್ರಯದ ಊರು ಬಿಟ್ಟು ಬರುವಂತಿಲ್ಲ. ಊರಿನ ಗೋಡೆಯಿಂದ ಎರಡು ಸಾವಿರ ಮೊಳ ದೂರದಲ್ಲಿ ಸುಣ್ಣ ಬಳಿದ ಗಡಿಗಲ್ಲುಗಳಿವೆ. ಅದರಾಚೆ ಕಾಲಿಟ್ಟಾಗ ಭಾವ ಅವನನ್ನು ಕೊಂದರೆ ಭಾವನ ಮೇಲೆ ದೋಷವಿಲ್ಲ. ಎಷ್ಟು ದಿನ? ರಾಜಧಾನಿಯ ದೇವಾಲಯದಲ್ಲಿ ಆಗ ಪದವಿಯಲ್ಲಿದ್ದ ಮಹಾಯಾಜಕರು ಕಣ್ಣು ಮುಚ್ಚುವವರೆಗೆ. ಅವರ ಸಾವಿನೊಂದಿಗೆ ಎಲ್ಲರ ಋಣ ಹರಿಯುತ್ತದೆ, ಸೇಡಿನ ಹಕ್ಕು ಮುಗಿಯುತ್ತದೆ. ಅದಕ್ಕೆ ಒಂದು ದಿನ ಮುಂಚೆಯೂ ಇಲ್ಲ.

ಹಿಂದಿರುಗುವ ದಾರಿಯಲ್ಲಿ ಅವನು ಕಾವಲಿನವನನ್ನು ಕೇಳಿದ: "ಮಹಾಯಾಜಕರಿಗೆ ಈಗ ವಯಸ್ಸೆಷ್ಟು?"

"ಐವತ್ತಿರಬೇಕು. ಗಟ್ಟಿಮುಟ್ಟಾಗಿದ್ದಾರೆ." ಕಾವಲಿನವನು ನಕ್ಕ. "ಎಲ್ಲರೂ ಮೊದಲು ಕೇಳೋದು ಅದನ್ನೇ ಕಣಪ್ಪ."

ಬಾವಿಯವನಿಗೆ ನಾಚಿಕೆಯಾಯಿತು. ಆದರೂ ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು.

ಆಶ್ರಯದ ಊರು ಚಿಕ್ಕದು. ಹಾಲು ಉಕ್ಕುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಬಹುದು. ಅವನಿಗೆ ಕೊಟ್ಟ ಕೋಣೆ ಊರಗೋಡೆಗೆ ಒತ್ತಿ ಕಟ್ಟಿದ್ದು. ಕಿಟಕಿ ಒಂದೇ, ಅದೂ ಒಳಗಿನ ಬೀದಿಗೆ. ಎರಡು ಕಲ್ಲುಜಗುಲಿ, ಒಂದು ನೀರಿನ ಗಡಿಗೆ, ಗೋಡೆಯಲ್ಲಿ ಬಟ್ಟೆ ನೇತುಹಾಕಲು ನಾಲ್ಕು ಗೂಟ. ಇನ್ನೊಂದು ಜಗುಲಿಯ ಮೇಲೆ ಹದಿಮೂರು ವರ್ಷದಿಂದ ಒಬ್ಬ ಮುದುಕ ಮಲಗುತ್ತಿದ್ದ. ಹಿಂದೆ ಗಾರೆ ಕೆಲಸದವನು. ಏಣಿ ಜಾರಿ ಕೆಳಗಿದ್ದ ಮನುಷ್ಯನ ಮೇಲೆ ಬಿದ್ದಿದ್ದ. ಇವನಿಗೊಂದು ಗೀರು ಗಾಯವಿಲ್ಲ, ಆ ಮನುಷ್ಯ ಸತ್ತ. ಊರಲ್ಲಿ ಅವನನ್ನು 'ಏಣಿ' ಎಂದೇ ಕರೆಯುತ್ತಿದ್ದರು.

"ಇಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ನಡೆಯಲ್ಲ," ಎಂದು ಏಣಿ ಮೊದಲ ದಿನವೇ ಹೇಳಿದ. "ಮೂಲೆಮನೆಯವನು 'ಕೊಡಲಿ'. ರೊಟ್ಟಿ ಸುಡೋ ಆ ದಪ್ಪ ಹೆಂಗಸು 'ಗುಂಡುಕಲ್ಲು', ತಾರಸಿಯಿಂದ ಉರುಳಿಸಿಬಿಟ್ಟಳು ಪಾಪ. ನೀನು ಯಾವುದರಿಂದ?"

"ಹಗ್ಗ."

"ಹಾಗಾದ್ರೆ ಹಗ್ಗಪ್ಪ. ಚೆನ್ನಾಗಿದೆ. ಇನ್ನೊಂದು ಸುದ್ದಿ ಗೊತ್ತಾ? ಈ ಊರಲ್ಲಿ ಹಗ್ಗ ಹೊಸೆಯೋ ಹಾಗಿಲ್ಲ, ಮಾರೋ ಹಾಗಿಲ್ಲ. ಬಲೆ, ಕತ್ತಿ, ಈಟಿ ಯಾವುದೂ ಇಲ್ಲ. ಕೊಳ್ಳೋ ನೆಪದಲ್ಲಿ ಸೇಡಿನವರು ಸಂತೆಗೆ ಬರಬಾರದಲ್ಲ. ಹಾಗಾಗಿ ನಿನ್ನ ಕಣ್ಣಿಗೆ ಆ ಪೀಡೆ ಬೀಳಲ್ಲ ಬಿಡು."

ಹಗ್ಗ ಕಣ್ಣಿಗೆ ಬೀಳಲಿಲ್ಲ ಎನ್ನುವುದು ಸುಳ್ಳು. ಊರಿನ ನೆಲದಡಿಯ ನೀರಿನ ತೊಟ್ಟಿಗಳಲ್ಲಿ ಹೂಳು ತೆಗೆಯಲು, ಬಿರುಕಿಗೆ ಗಾರೆ ಮೆತ್ತಲು ಜನ ಬೇಕಿತ್ತು. ಹಿರಿಯರು ಹೊರಗಿನಿಂದ ಹಗ್ಗ ತರಿಸಿ ಕೆಲಸವನ್ನು ಅವನಿಗೆ ವಹಿಸಿದರು. ಅವನು ಒಂದೇ ಮಾತು ಹೇಳಿದ: ಕೆಳಗೆ ನಾನೇ ಇಳಿಯುತ್ತೇನೆ, ಮೇಲೆ ಯಾರಾದರೂ ನಿಲ್ಲಲಿ. ದಪ್ಪ ಮೈಯನ್ನು ತೊಟ್ಟಿಯ ಕಿರುಬಾಯಲ್ಲಿ ತುರುಕಿಕೊಂಡು ಇಳಿಯುತ್ತಿದ್ದ. ಕತ್ತಲಲ್ಲಿ, ಮೊಣಕಾಲುದ್ದ ಕೆಸರಲ್ಲಿ ನಿಂತಾಗ ಮಾತ್ರ ಎದೆಯ ಭಾರ ಸ್ವಲ್ಪ ಇಳಿದಂತೆ ಇರುತ್ತಿತ್ತು. ಮೇಲೆ ಬಂದರೆ ಮತ್ತೆ ಅದೇ ಬೀದಿ, ಅದೇ ಮುಖಗಳು, ಅದೇ ಗೋಡೆ.

ರಾಜಧಾನಿಯ ಕಡೆಯಿಂದ ಯಾರೇ ಬರಲಿ, ಬಾಗಿಲಲ್ಲಿ ಒಂದು ಗುಂಪು ಕಾದಿರುತ್ತಿತ್ತು. ಉಪ್ಪಿನ ವ್ಯಾಪಾರಿ ಕತ್ತೆಯಿಂದ ಮೂಟೆ ಇಳಿಸುವ ಮುಂಚೆಯೇ ಯಾರಾದರೂ ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು: "ಮಹಾಯಾಜಕರು ಹೇಗಿದ್ದಾರೆ?"

"ಗುಂಡುಕಲ್ಲಿನ ಹಾಗಿದ್ದಾರೆ. ಹಬ್ಬದ ದಿನ ಇಡೀ ನಿಂತೇ ಇದ್ರು."

"ದೇವರ ದಯೆ," ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು, ಕಹಿ ಕಷಾಯ ಕುಡಿದ ಮುಖ ಮಾಡಿಕೊಂಡು. ಒಮ್ಮೆ ಅವರಿಗೆ ನೆಗಡಿ ಎಂಬ ಸುದ್ದಿ ಬಂತು. ಕೊಡಲಿ ಮೂರು ದಿನ ಗಂಟುಮೂಟೆ ಕಟ್ಟಿ ಕೂತಿದ್ದ. ನಾಲ್ಕನೆಯ ದಿನ ಗಂಟು ಬಿಚ್ಚಿದ.

ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಒಬ್ಬ ವಯಸ್ಸಾದ ಹೆಂಗಸು ಎರಡು ಕತ್ತೆಗಳ ಮೇಲೆ ಬಟ್ಟೆ, ಕಾಳು, ಒಣಹಣ್ಣು ಹೇರಿಕೊಂಡು ಬರುತ್ತಿದ್ದರು. ಊರ ನಡುವಿನ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೂ ಕರೆದು, ಭುಜದ ಅಗಲ ಗೇಣಿನಲ್ಲಿ ಅಳೆದು, ಹೊಂದುವ ಮೇಲುಹೊದಿಕೆ ಆರಿಸಿ ಕೊಡುತ್ತಿದ್ದರು. ಮೊದಲ ವರ್ಷ ಬಾವಿಯವನು ಹೊದಿಕೆಯನ್ನು ಕಣ್ಣಿಗೊತ್ತಿಕೊಂಡ. ಯಾರ ತಾಯಿಯೋ, ಏನು ಕರುಣೆ ಎಂದುಕೊಂಡ.

"ಮಹಾಯಾಜಕರ ತಾಯಿ," ಎಂದ ಏಣಿ. "ನಮ್ಮನ್ನ ಬೆಚ್ಚಗಿಟ್ರೆ, ಹೊಟ್ಟೆ ತುಂಬಿಸಿದ್ರೆ, ನಾವು ಅವರ ಮಗನ ಸಾವು ಕೇಳ್ಕೊಳ್ಳಲ್ಲ ಅಂತ ಲೆಕ್ಕ."

ಹೊದಿಕೆ ಬೆಚ್ಚಗಿತ್ತು. ಅದೇ ತೊಂದರೆ.

ಹೆಂಡತಿ ವರ್ಷಕ್ಕೆ ಎರಡು ಸಲ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಒಂದು ಹಗಲು ಇದ್ದು ಹೋಗುವಳು. ಹೆಚ್ಚು ಹೊತ್ತು ಇರಲು ಅವಳ ಅಮ್ಮ ಬಿಡುತ್ತಿರಲಿಲ್ಲ. ಸತ್ತ ಮಗನ ತಲೆಯ ಮೇಲೆ ಕೈಯಿಡಿಸಿ ಅತ್ತೆ ಭಾವನಿಂದ ಆಣೆ ಮಾಡಿಸಿಕೊಂಡಿದ್ದಳಂತೆ: ಅವನು ಗಡಿ ದಾಟಿದ್ದು ಕಂಡರೆ ನೀನು ಬಿಡಬಾರದು. ಭಾವ ಬಾವಿ ಕೆಲಸ ಬಿಟ್ಟು ಕುರಿ ಸಾಕತೊಡಗಿದ್ದ. ಮಂದೆಯನ್ನು ತಿಂಗಳಿಗೆ ನಾಲ್ಕಾರು ಸಲವಾದರೂ ಗಡಿಗಲ್ಲಿನ ಆಚೆಯ ಬಯಲಿಗೆ ಹೊಡೆದುಕೊಂಡು ಬರುತ್ತಿದ್ದ. ಗೋಡೆಯ ಮೇಲೆ ನಿಂತರೆ ಅವನು ಕಾಣುತ್ತಿದ್ದ, ಕೋಲಿನ ಮೇಲೆ ಭಾರ ಬಿಟ್ಟು ಈ ಕಡೆಗೇ ನೋಡುತ್ತ ನಿಂತವನು. ವರ್ಷಗಳು ಹೋದಂತೆ ಅವನ ಗಡ್ಡ ನೆರೆಯಿತು. ಬಾವಿಯವನ ಗಡ್ಡವೂ ನೆರೆಯಿತು.

ಏಳನೆಯ ವರ್ಷ, ಒಂದು ಬೆಳಿಗ್ಗೆ, ಬಾಗಿಲು ಕಾಯುವವನು ಬಂದು ಬಾವಿಯವನನ್ನು ಕರೆದ. "ನಿನ್ನ ಭಾವ ಗಡಿಗಲ್ಲಿನ ಹತ್ತಿರ ನಿಂತಿದ್ದಾನೆ. ಕುರಿ ಇಲ್ಲ. ನಿನ್ನನ್ನೇ ಕರೀತಿದ್ದಾನೆ."

ಬಾವಿಯವನು ಹೋದ. ಕಲ್ಲಿನ ಈಚೆ ಹತ್ತು ಹೆಜ್ಜೆ ದೂರದಲ್ಲಿ ನಿಂತ. ಏಳು ವರ್ಷದಲ್ಲಿ ಭಾವನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಮಗೂಗೆ ಹುಷಾರಿಲ್ಲ," ಎಂದ ಭಾವ. "ಎಂಟು ದಿನದಿಂದ ಜ್ವರ. ಕಣ್ಣೇ ಬಿಡ್ತಿಲ್ಲ. ಬಿಟ್ಟಾಗೆಲ್ಲ 'ಅಪ್ಪ' ಅಂತಾಳೆ."

ಬಾವಿಯವನ ಕಾಲು ತಾನಾಗಿಯೇ ಮುಂದೆ ಹೋಯಿತು. ಭಾವ ಕೋಲೆತ್ತಿ ಕೂಗಿದ: "ನಿಲ್ಲು! ದಾಟಬೇಡ! ದಾಟಿದ್ರೆ ನಾನು ಮಾಡಬೇಕಾಗುತ್ತೆ. ಆಣೆ ಮಾಡಿದ್ದೀನಿ."

ಬಾವಿಯವನು ನಿಂತ. ಇಬ್ಬರಿಗೂ ಏದುಸಿರು ಬರುತ್ತಿತ್ತು, ಇಬ್ಬರೂ ಓಡಿಬಂದವರಂತೆ.

ಭಾವ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ರಾತ್ರಿಯಿಡೀ ಯೋಚನೆ ಮಾಡಿದೆ. ಆಣೆ ಇರೋದು ನಾನು ನಿನ್ನನ್ನ ಕಂಡ್ರೆ. ಕಾಣದೆ ಹೋದ್ರೆ? ನಾನು ಆ ಹಳ್ಳದ ಕಡೆ ಮುಖ ಮಾಡಿ ಕೂತಿರ್ತೀನಿ. ನೀನು ಹೋಗಿ ಮಗೂನ ನೋಡ್ಕೊಂಡು ನಾಳೆ ಇಷ್ಟು ಹೊತ್ತಿಗೆ ವಾಪಸ್ ಬಾ. ನಾನು ಏನೂ ಕಂಡಿಲ್ಲ."

ಬಾವಿಯವನು ಕೈ ಮುಗಿದ. "ಭಾವ..." ಎಂದ.

"ಒಂದೇ ಒಂದು ಮಾತು. ಏಳು ವರ್ಷದಿಂದ ಕೊರೀತಿದೆ. ಆವತ್ತು ಹಿರಿಯರ ಮುಂದೆ ಹಗ್ಗ ನೋಡಿದ್ದೆ ಅಂದೆ. ಆ ಮಗೂ ಮೇಲೆ ಆಣೆ ಇಟ್ಟು ಹೇಳು. ಹಗ್ಗ ಚೆನ್ನಾಗಿತ್ತು ತಾನೇ?"

ಚೆನ್ನಾಗಿತ್ತು. ಒಂದೇ ಪದ. ಅಷ್ಟು ಹೇಳಿದರೆ ಭಾವ ಹಳ್ಳದ ಕಡೆ ತಿರುಗುತ್ತಾನೆ. ಹೊತ್ತು ಇಳಿಯುವುದರೊಳಗೆ ಮಗಳ ಹಣೆಯ ಮೇಲೆ ಕೈಯಿಡಬಹುದು. ಪದ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಣ್ಣೆದುರಿಗೆ ಬಂದದ್ದು ಜ್ವರದಲ್ಲಿ ಮಲಗಿದ ಮಗು. ಅವಳ ತಲೆಯ ಮೇಲೆ ಸುಳ್ಳಾಣೆ ಇಟ್ಟು, ಅದೇ ಕಾಲಲ್ಲಿ ನಡೆದು ಅವಳನ್ನು ನೋಡಲು ಹೋಗುವುದು ಹೇಗೆ?

"ಒಂದು ಎಳೆ ಸವೆದಿತ್ತು," ಎಂದ. "ಬೆಳಿಗ್ಗೆ ಬೆರಳಿಗೆ ಸಿಕ್ತು. ಸಂಜೆಯವರೆಗೆ ತಡೆಯುತ್ತೆ ಅಂದ್ಕೊಂಡೆ ಭಾವ. ಮನೆಗೆ ಹೋಗಿ ಬರೋಕೆ ಬೇಜಾರಾಯ್ತು. ಅಷ್ಟೇ. ಬೇರೆ ಏನೂ ಇರಲಿಲ್ಲ ಮನಸ್ಸಲ್ಲಿ."

ಬೈಯುತ್ತಾನೆ, ಕಲ್ಲು ಬೀರುತ್ತಾನೆ ಎಂದು ಬಾವಿಯವನು ಕಾದ. ಭಾವ ಎರಡು ಹೆಜ್ಜೆ ಮುಂದೆ ಬಂದು, ಗಡಿಗಲ್ಲಿಗೆ ಒತ್ತಿ, ಊರಿನ ಕಡೆಗೇ ಮುಖ ಮಾಡಿ ಕೂತ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಈಗ ನನಗೆ ಕಾಣ್ತಿದೆ," ಎಂದ. "ಹೋಗು ಒಳಗೆ."

ಮೂರು ದಿನ ಅವನು ಅಲ್ಲಿಂದ ಏಳಲಿಲ್ಲ. ಮೂರು ದಿನವೂ ಬಾವಿಯವನು ಹಗಲೆಲ್ಲ ಈಚೆ ನಿಂತಿದ್ದ. ಏಣಿ ರೊಟ್ಟಿ ತಂದು ಕೊಟ್ಟು, ಕೈಹಿಡಿದು ಎಳೆದು ನೋಡಿದ. "ನಿನಗೆ ತಲೆ ಕೆಟ್ಟಿದೆಯಾ? ಚೆನ್ನಾಗಿತ್ತು ಅಂದಿದ್ರೆ ಏನು ಗಂಟು ಹೋಗ್ತಿತ್ತು?" ಎಂದು ಗದರಿದ. ಬಾವಿಯವನಿಗೂ ಅದೇ ಅನ್ನಿಸುತ್ತಿತ್ತು. ಸತ್ಯ ಹೇಳಿದ್ದಕ್ಕೆ ಮನಸ್ಸು ಹಗುರವಾಗುತ್ತದೆ ಎಂದು ಯಾರು ಹೇಳಿದರೋ, ಅವರು ಮಗಳು ಸಾಯುತ್ತಿರುವಾಗ ಹೇಳಿರಲಿಕ್ಕಿಲ್ಲ. ಮೂರನೆಯ ದಿನ ಅವನು ಆ ಬಯಲಿನಲ್ಲೇ ಮೊಣಕಾಲೂರಿ, ಮಹಾಯಾಜಕರ ತಾಯಿ ನೇಯ್ದ ಹೊದಿಕೆಯನ್ನು ಮೈತುಂಬ ಹೊದ್ದುಕೊಂಡೇ, ಅವರ ಮಗ ಈ ಗಳಿಗೆ ಸಾಯಲಿ ಎಂದು ದೇವರನ್ನು ಕೇಳಿಕೊಂಡ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಕೇಳಿಕೊಂಡ. ಹೊತ್ತು ಇಳಿಯುವವರೆಗೆ ಕೇಳಿಕೊಂಡ.

ಮಹಾಯಾಜಕರು ಸಾಯಲಿಲ್ಲ. ಮಗಳೂ ಸಾಯಲಿಲ್ಲ. ಎರಡು ವಾರದ ನಂತರ ಉಪ್ಪಿನ ವ್ಯಾಪಾರಿ ಸುದ್ದಿ ತಂದ: ಜ್ವರ ಬಿಟ್ಟಿದೆ, ಎದ್ದು ಓಡಾಡುತ್ತಾಳೆ, ಆದರೆ ಕಿವಿ ಮಂದವಾಗಿದೆ, ಹತ್ತಿರ ನಿಂತು ಕೂಗಿದರೂ ಪೂರ್ತಿ ಕೇಳುವುದಿಲ್ಲ. ಹೆಂಡತಿಯಿಂದ ಮಾತಿಲ್ಲವೇ ಎಂದು ಬಾವಿಯವನು ಕೇಳಿದ. ವ್ಯಾಪಾರಿ ಮೂಟೆಯ ಹುರಿ ಬಿಗಿಯುವ ನೆಪದಲ್ಲಿ ಆ ಕಡೆ ತಿರುಗಿದ. ಆ ವರ್ಷ ಅವಳು ಬರಲಿಲ್ಲ. ಮರುವರ್ಷವೂ ಇಲ್ಲ.

ಜ್ವರದ ಆ ವರ್ಷವೇ ಚಳಿಗೆ ಮುಂಚೆ ಮಹಾಯಾಜಕರ ತಾಯಿ ಬಂದರು. ನಡೆ ನಿಧಾನವಾಗಿತ್ತು, ಕಟ್ಟೆ ಹತ್ತಲು ಕೆಲಸದವಳು ಕೈ ಕೊಡಬೇಕಾಯಿತು. ಬಾವಿಯವನ ಸರದಿ ಬಂದಾಗ ಅವನು ಭುಜ ಕೊಡದೆ ದೂರ ನಿಂತ.

"ನನಗೆ ಬೇಡ ಅಮ್ಮ. ನೀವು ಕೊಟ್ಟಿದ್ದನ್ನ ಹೊದ್ಕೊಂಡೇ ನಿಮ್ಮ ಮಗ ಸಾಯಲಿ ಅಂತ ಕೇಳ್ಕೊಂಡಿದ್ದೀನಿ."

ಸುತ್ತಲಿನವರು ಬಾಯಿಗೆ ಕೈಯಿಟ್ಟುಕೊಂಡರು. ಮುದುಕಿ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ದಿನ ಕೇಳ್ಕೊಂಡೆ?"

"ಒಂದು ದಿನ. ಹಗಲು ಪೂರ್ತಿ."

"ಒಂದು ದಿನ ತಾನೇ! ಅಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದಾನಲ್ಲ ಏಣಿ, ಅವನು ಇಪ್ಪತ್ತು ವರ್ಷದಿಂದ ದಿನಾ ಕೇಳ್ಕೊಳ್ತಿದ್ದಾನೆ. ನನ್ನೆದುರಿಗೇ ಹೇಳಿದ್ದಾನೆ, ಒಣಹಣ್ಣು ಅಗೀತಾ." ನಗು ಎದ್ದು ಅಡಗಿತು. ಮುದುಕಿ ಅವನನ್ನು ಹತ್ತಿರ ಕರೆದು ಭುಜದ ಮೇಲೆ ಗೇಣಿಟ್ಟರು. ಕೈ ಹಗುರವಾಗಿತ್ತು, ಒಣಗಿದ ಎಲೆಯಷ್ಟು. "ಏನಾಗಿತ್ತು ನಿನಗೆ?"

ಅವನು ಮಗಳ ವಿಷಯ ಹೇಳಿದ. ಅವರು ಕೇಳಿಸಿಕೊಂಡರು. "ನಾನಾಗಿದ್ರೂ ಕೇಳ್ಕೊಳ್ತಿದ್ದೆ," ಎಂದರು. "ಅವನಿಗೂ ಗೊತ್ತಪ್ಪ. ಆರು ಊರಿನ ಜನ ತನ್ನ ಉಸಿರು ಎಣಿಸ್ತಿದ್ದಾರೆ ಅಂತ. ಕೆಮ್ಮು ಬಂದ್ರೆ ನನ್ನಿಂದ ಮುಚ್ಚಿಡ್ತಾನೆ. ನಾನು ದೇವರನ್ನ ಏನಂತ ಕೇಳ್ಕೊಳ್ಲಿ ಹೇಳು? ಅವನು ನೂರು ವರ್ಷ ಇರಲಿ ಅಂದ್ರೆ ನೀವೆಲ್ಲ ಇಲ್ಲೇ ಕೊಳೀಬೇಕು. ಬೇಡ ಅನ್ನೋಕೆ ನಾನು ಹೆತ್ತವಳು. ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡು ನೇಯ್ತೀನಿ. ತಗೋ, ಇದು ನಿನ್ನ ಅಳತೆ."

ಅವನು ತೆಗೆದುಕೊಂಡ. ಬೇರೆ ದಾರಿ ಇರಲಿಲ್ಲ, ಅವರಿಗೂ, ಅವನಿಗೂ.

ಮತ್ತೆ ನಾಲ್ಕು ವರ್ಷ ಹೋದವು. ತೊಟ್ಟಿಗಳಲ್ಲಿ ಹೂಳು ತುಂಬುವುದು, ಅವನು ತೆಗೆಯುವುದು. ಹನ್ನೊಂದನೆಯ ವರ್ಷದ ಒಂದು ಬೆಳಿಗ್ಗೆ ಅವನು ತೊಟ್ಟಿಯೊಳಗಿದ್ದಾಗ ಮೇಲೆ ಗದ್ದಲ ಕೇಳಿಸಿತು. ಹತ್ತಿ ಬಂದು ನೋಡಿದರೆ ಬೀದಿಯಲ್ಲಿ ಜನ ಗಂಟು ಹೊತ್ತು ಓಡುತ್ತಿದ್ದರು. ಗುಂಡುಕಲ್ಲು ಅಳುತ್ತ ನಗುತ್ತ ಎಲ್ಲರನ್ನೂ ತಬ್ಬಿಕೊಳ್ಳುತ್ತಿದ್ದಳು. ಮಹಾಯಾಜಕರು ತೀರಿಕೊಂಡಿದ್ದರು. ನಿದ್ದೆಯಲ್ಲೇ ಹೋದರಂತೆ.

"ಅವರ ತಾಯಿ?" ಎಂದು ಬಾವಿಯವನು ಕೇಳಿದ.

"ಇದ್ದಾರಂತೆ," ಎಂದ ಏಣಿ. ಅವನೊಬ್ಬನೇ ಗಂಟು ಕಟ್ಟಿರಲಿಲ್ಲ. ಜಗುಲಿಯ ಮೇಲೆ ಕೂತು ಕಾಲು ಅಲುಗಾಡಿಸುತ್ತಿದ್ದ. "ಇಪ್ಪತ್ನಾಲ್ಕು ವರ್ಷ ಕೇಳ್ಕೊಂಡಿದ್ದು ಸಿಕ್ತು ನೋಡು. ಈಗ ಹೋಗೋಕೆ ಮನೆಯಿಲ್ಲ. ಹೆಂಡತಿ ಹೋದಳು, ಮಗ ಎಲ್ಲಿದ್ದಾನೋ. ಇಲ್ಲಾದ್ರೆ ಒಂದು ಹೆಸರಾದ್ರೂ ಇದೆ. ನೀನು ಹೊರಡಪ್ಪ."

ಬಾವಿಯವನು ಗಡಿಗಲ್ಲಿನ ತನಕ ಬಂದ. ಆಚೆ ಭಾವ ನಿಂತಿದ್ದ, ಕೋಲಿಲ್ಲದೆ, ಬರಿಗೈಯಲ್ಲಿ. ಶಾಸ್ತ್ರದ ಪ್ರಕಾರ ಇನ್ನು ಅವನು ಏನೂ ಮಾಡುವಂತಿರಲಿಲ್ಲ. ಬಾವಿಯವನಿಗೆ ಅದು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಕಲ್ಲಿನ ಬಳಿ ಬಂದ ಕಾಲು ನೆಲಕ್ಕೆ ಅಂಟಿಕೊಂಡಿತು. ಬಹಳ ಹೊತ್ತು ಹಾಗೇ ನಿಂತ. ಭಾವ ಕರೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಬಾವಿಯವನು ಕಣ್ಣು ಮುಚ್ಚಿಕೊಂಡು ದಾಟಿದ.

"ತಂಗಿ ಕಳಿಸಿದಳು," ಎಂದಷ್ಟೇ ಹೇಳಿ ಭಾವ ಮುಂದೆ ನಡೆದ.

ಅತ್ತೆ ಎರಡು ವರ್ಷದ ಹಿಂದೆ ತೀರಿಕೊಂಡಳು ಎನ್ನುವುದನ್ನು ಭಾವ ಒಂದು ತಿರುವಿನಲ್ಲಿ, ತಿರುಗಿ ನೋಡದೆ, ಹೇಳಿದ. ಅರ್ಧ ದಾರಿಯಲ್ಲಿ ಎದುರಿಗೆ ಒಬ್ಬ ಓಡಿಬರುತ್ತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ತೋಳಿನಲ್ಲಿ ಮರದ ಹೊಟ್ಟು ಮೆತ್ತಿಕೊಂಡಿತ್ತು, ಅಂಗಿಯ ಮುಂಭಾಗದಲ್ಲಿ ರಕ್ತ. ಮುಂದಿನ ದಾರಿಯ ಕಡೆ ಕೈ ತೋರಿಸಿ ಇವರ ಮುಖ ನೋಡಿದ.

"ಇನ್ನು ಕಾಲು ಹಗಲ ದಾರಿ," ಎಂದ ಬಾವಿಯವನು. "ಮುಂದಿನ ಕವಲಲ್ಲಿ ಎಡಕ್ಕೆ. ಕಂಬ ಇದೆ. ನಿಂತು ಕೂರಬೇಡ, ಕೂತ್ರೆ ಕಾಲು ಹಿಡಿಯುತ್ತೆ. ಒಳಗೆ ಹೋದ ಮೇಲೆ ಏಣಿ ಅಂತ ಒಬ್ಬರಿದ್ದಾರೆ, ಅವರ ಕೋಣೆಯಲ್ಲಿ ಒಂದು ಜಗುಲಿ ಖಾಲಿ ಇದೆ."

ಆ ಮನುಷ್ಯ ತಲೆಯಾಡಿಸಿ ಓಡಿದ. ಭಾವ ಅವನು ಹೋದ ದಾರಿಯನ್ನೇ ನೋಡುತ್ತ ನಿಂತ. "ಹೊಸ ಮಹಾಯಾಜಕರಿಗೆ ಮೂವತ್ತೂ ತುಂಬಿಲ್ಲವಂತೆ," ಎಂದ.

ಮನೆ ಮುಟ್ಟಿದಾಗ ಸಂಜೆ ಬಿಸಿಲು ಅಂಗಳದಲ್ಲಿತ್ತು. ಬೀಸುಕಲ್ಲಿನ ಮುಂದೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬೆನ್ನು ಮಾಡಿ ಕೂತಿದ್ದಳು. ಬಾವಿಯವನು "ಮಗಳೇ" ಎಂದ. ಕಲ್ಲು ತಿರುಗುತ್ತಲೇ ಇತ್ತು. ಇನ್ನೊಮ್ಮೆ ಕರೆದ.

"ಎದುರಿಗೆ ಹೋಗಿ ನಿಂತ್ಕೊಳ್ಳಿ," ಎಂದಿತು ಬಾಗಿಲಿನಿಂದ ಒಂದು ದನಿ. "ಹಿಂದಿನಿಂದ ಕರೆದ್ರೆ ಅವಳಿಗೆ ಕೇಳಿಸಲ್ಲ."

ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಕೂದಲು ಬಿಳಿಯಾಗಿತ್ತು. ಅವನು ಎದುರಿಗೆ ಹೋಗಿ ನಿಂತ. ಹುಡುಗಿ ತಲೆಯೆತ್ತಿ ನೋಡಿದಳು, ನೋಡಿ ಅಮ್ಮನ ಕಡೆ ನೋಡಿದಳು. ಅಮ್ಮ ತುಟಿಯಲ್ಲೇ ಏನೋ ಹೇಳಿದಳು. ಹುಡುಗಿ ಎದ್ದು, ಹಿಟ್ಟಿನ ಕೈ ಒರೆಸಿಕೊಂಡು, ಅವನಿಗೆ ಒಂದು ಚೊಂಬು ನೀರು ತಂದುಕೊಟ್ಟಳು. ಮನೆಗೆ ಬಂದ ಯಾರಿಗಾದರೂ ಕೊಡುವ ಹಾಗೆ.

ಊಟಕ್ಕೆ ಬಡಿಸಿ ಹೆಂಡತಿ ಎದುರಿಗೆ ಕೂತಳು. ಅವನು ತುತ್ತು ಎತ್ತಿದ, ಬಾಯಿಗಿಡಲಿಲ್ಲ. "ಅಣ್ಣ ಎಲ್ಲ ಹೇಳಿದ," ಎಂದಳು. "ಎಳೆ ಸವೆದಿದ್ದಕ್ಕಲ್ಲ ನನಗೆ ಸಿಟ್ಟು. ಎಲ್ಲರೂ ಹಾಗೆ ಮಾಡ್ತಾರೆ, ಇವತ್ತೊಂದು ದಿನ ನಡೀಲಿ ಅಂತ. ನಾನು ಅಷ್ಟು ಜನರ ಮುಂದೆ ದೇವರ ಹೆಸರಲ್ಲಿ ಆಣೆ ಇಟ್ಟೆ. ಅಮ್ಮ ಆವತ್ತಿಂದ ಸಾಯೋವರೆಗೆ ನನ್ನ ಕೈಯಿಂದ ಒಂದು ಲೋಟ ನೀರು ತಗೊಳ್ಳಲಿಲ್ಲ. ನೀವು ಪಕ್ಕದಲ್ಲೇ ನಿಂತಿದ್ರಿ. ಸುಮ್ಮನಿದ್ರಿ. ಆಮೇಲೂ ಏಳು ವರ್ಷ ನಾನು ಬಂದು ಹೋಗ್ತಿದ್ದೆ. ಆಗಲೂ ಸುಮ್ಮನಿದ್ರಿ."

"ಹೆದರಿಕೆ," ಎಂದ. "ನೀನೂ ಬರದೆ ಹೋದ್ರೆ ಅಂತ."

"ಅದಕ್ಕೇ ಬರಲಿಲ್ಲ."

ಹುಡುಗಿ ಹಿಟ್ಟಿನ ಮೊರ ಒಳಗೆ ತಂದಿಟ್ಟು, ತಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ತಿಳಿಯದೆ, ದೊಡ್ಡ ದನಿಯಲ್ಲಿ ಅಮ್ಮನನ್ನು ಕೇಳಿದಳು: "ಇವರು ಎಷ್ಟು ದಿನ ಇರ್ತಾರೆ?"

ಹೆಂಡತಿ ಎದ್ದು, ಅವನ ತಟ್ಟೆಯಲ್ಲಿ ಆರಿಹೋದ ಅನ್ನವನ್ನು ಬದಿಗೆ ಸರಿಸಿ, ಬಿಸಿಯಾದದ್ದನ್ನು ಬಡಿಸಿದಳು. ಆಮೇಲೆ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು: "ಇಲ್ಲೇ ಇರ್ತಾರೆ. ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕು."